ಬಾಗಿಲು ತೆರೆದಿರುವ ಹೊತ್ತು: ನಮ್ಮೂರಿನ ಅರಿವು ಕೇಂದ್ರವನ್ನು ಕುರಿತು

ಗದಗ ಜಿಲ್ಲೆಯ ನಮ್ಮೂರಿನಲ್ಲಿ ಪಂಚಾಯಿತಿ ಕಚೇರಿಯ ಮಗ್ಗುಲಿಗೆ ಒಂದು ಕೋಣೆಯೂ ಅದರ ಮುಂದೆ ಸಣ್ಣದೊಂದು ಪಡಸಾಲೆಯೂ ಇವೆ. ಬಾಗಿಲ ಮೇಲಿನ ಫಲಕದಲ್ಲಿ ‘ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಅರಿವು ಕೇಂದ್ರ’ ಎಂದು ಬರೆದಿದ್ದರೂ ಊರಿನವರೆಲ್ಲ ಅದನ್ನು ಲೈಬ್ರರಿ ಎಂದೇ ಕರೆಯುತ್ತಾರೆ. ಬೇರೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿರುವ ನಾನು ಕಳೆದ ಬೇಸಿಗೆ ರಜೆಯಲ್ಲಿ ತವರಿಗೆ ಬಂದಾಗ ಮೂರು ವಾರ ಹೆಚ್ಚುಕಡಿಮೆ ದಿನವೂ ಅಲ್ಲಿ ಹೋಗಿ ಕುಳಿತೆ. ನಾವು ಹೋಟೆಲಿನ ದೋಸೆಯನ್ನು, ಹೊಸ ಮೊಬೈಲನ್ನು, ಬಾಡಿಗೆ ಕಾರನ್ನು ಅಳೆದು ತೂಗಿ ಬರೆಯುತ್ತೇವೆ. ಆದರೆ ಬಡವರಿಗೆಂದು ಪುಕ್ಕಟೆಯಾಗಿ ಸಿಗುವ ಸೇವೆಯನ್ನು ಯಾರೂ ಹಾಗೆ ಅಳೆಯುವುದಿಲ್ಲ. ದುಡ್ಡು ಕೊಟ್ಟವನಿಗೆ ಮಾತ್ರ ಗುಣಮಟ್ಟ ಕೇಳುವ ಹಕ್ಕಿದೆ, ಪುಕ್ಕಟೆ ಪಡೆದವನು ಕೈಮುಗಿದು ಹೋಗಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದೇ ಇದಕ್ಕೆ ಕಾರಣ ಎಂದು ನಾನು ತಿಳಿದಿದ್ದೇನೆ. ಈ ಸೇವೆಗೂ ಊರಿನವರು ಹಣ ಕೊಟ್ಟಿದ್ದಾರೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರಲ್ಲಿ ಬಂದಿತು. ಅದರಂತೆ ಆಸ್ತಿ ತೆರಿಗೆಯ ಮೇಲೆ ಶೇಕಡ 6ರ ಗ್ರಂಥಾಲಯ ಕರವಿದೆ. ಆದ್ದರಿಂದ ಇದನ್ನು ಹಕ್ಕುದಾರಳಾಗಿಯೇ ವಿಮರ್ಶಿಸುತ್ತಿದ್ದೇನೆ.

ಮೊದಲು ಅಲ್ಲಿ ಏನಿದೆ ಎಂಬುದನ್ನು ಹೇಳಬೇಕು. ಉದ್ದನೆಯ ಎರಡು ಮೇಜುಗಳು, ಅವುಗಳ ಸುತ್ತ ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ಎರಡು ಟ್ಯೂಬ್‌ಲೈಟು, ಒಂದು ಫ್ಯಾನು, ಗೋಡೆಗೆ ಆನಿಸಿದ ಕಬ್ಬಿಣದ ಕಪಾಟುಗಳು, ಪಡಸಾಲೆಯಲ್ಲಿ ಪತ್ರಿಕೆ ಓದುವ ಹಿರಿಯರಿಗಾಗಿ ಒಂದು ಬೆಂಚು, ಮಕ್ಕಳಿಗಾಗಿ ನೆಲದ ಮೇಲೆ ಹಾಸಿದ ಜಮಖಾನೆ, ಮೂಲೆಯಲ್ಲಿ ಎರಡು ಕಂಪ್ಯೂಟರು. ಮಕ್ಕಳಿಗೆ ಸದಸ್ಯತ್ವ ಉಚಿತ. ಪಟ್ಟಣದಲ್ಲಿ ಬೆಳೆದವರಿಗೆ ಈ ಪಟ್ಟಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಾರದು. ನನಗೆ ಮಾತ್ರ ಆ ಮೇಜು, ಕುರ್ಚಿ, ದೀಪಗಳೇ ಈ ಸೇವೆಯ ತಿರುಳು. ಪುಸ್ತಕಗಳ ಮಾತು ಆಮೇಲೆ.

ಹಾಗೆ ಹೇಳಲು ಕಾರಣವಿದೆ. ನಾನು ಬೆಳೆದ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಅಡುಗೆ, ಊಟ, ಮಲಗುವುದು, ಬಂದವರನ್ನು ಕೂರಿಸುವುದು ಎಲ್ಲವೂ ಅಲ್ಲೇ. ಅಪ್ಪ, ಅವ್ವ ಇಬ್ಬರೂ ಕೂಲಿಯವರು. ಒಲೆಯ ಹೊಗೆ ಸ್ವಲ್ಪ ಇಳಿದ ಮೇಲೆ, ತಮ್ಮ ಮಲಗುವುದಕ್ಕೆ ಮುಂಚೆ, ಬಲ್ಬಿನ ಕೆಳಗೆ ಚಾಪೆ ಹಾಸಿಕೊಂಡು ಓದಲು ನನಗೆ ಸಿಗುತ್ತಿದ್ದದ್ದು ಮುಕ್ಕಾಲು ತಾಸು. ಬೀಗರು ಬಂದರೆ ಅದೂ ಇಲ್ಲ. ಅವ್ವ ಎಂದೂ ಓದಬೇಡ ಎನ್ನಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹೊಲಕ್ಕೆ ಹೋಗಬೇಕಾದವರ ಮುಖದ ಮೇಲೆ ಬೆಳಕು ಚೆಲ್ಲಿಕೊಂಡು ಓದುವುದಕ್ಕೆ ನನಗೇ ಮನಸ್ಸಾಗುತ್ತಿರಲಿಲ್ಲ. ಅದೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಮನೆಯಲ್ಲಿ ಮಹಡಿಯ ಮೇಲೆ ಅವಳಿಗೊಂದು ಕೋಣೆ ಇತ್ತು, ಅದರಲ್ಲಿ ಒಂದು ಮೇಜು, ಮೇಜಿನ ಮೇಲೆ ನಿಘಂಟು, ಗೋಡೆಗೆ ಭೂಪಟ. ಅವಳು ನನಗಿಂತ ಜಾಣೆಯೂ ಅಲ್ಲ, ದಡ್ಡಿಯೂ ಅಲ್ಲ. ಪರೀಕ್ಷೆಯಲ್ಲಿ ಅವಳಿಗೆ ಬಂದ ಹೆಚ್ಚಿನ ಅಂಕಗಳಲ್ಲಿ ಆ ಮೇಜಿನ ಪಾಲು ಎಷ್ಟು ಎಂದು ಆಗ ನಾನು ಯೋಚಿಸಿರಲಿಲ್ಲ, ಅವಳೂ ಯೋಚಿಸಿರಲಿಲ್ಲ. ಮಾಸ್ತರರಂತೂ ನನ್ನನ್ನು ‘ಇನ್ನೂ ಶ್ರಮ ಹಾಕಬೇಕು’ ಎಂದು ಬೈದು ಕಳಿಸುತ್ತಿದ್ದರು. ವರ್ಗ ಎಂಬುದು ಮಕ್ಕಳ ಬದುಕಿನಲ್ಲಿ ಕೆಲಸ ಮಾಡುವುದು ಹೀಗೆ, ಯಾರ ತಪ್ಪೂ ಅಲ್ಲವೆಂಬಂತೆ. ಉಳ್ಳವರ ಮಗುವಿಗೆ ಅದು ಕೋಣೆಯಾಗಿ, ದೀಪವಾಗಿ, ಎರಡು ತಾಸಿನ ಮೌನವಾಗಿ ಸಿಕ್ಕಿರುತ್ತದೆ. ಅಂಕಪಟ್ಟಿಯಲ್ಲಿ ಅವೆಲ್ಲ ಬುದ್ಧಿವಂತಿಕೆಯ ಹೆಸರಿನಲ್ಲಿ ದಾಖಲಾಗುತ್ತವೆ.

ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕತೆಗಳನ್ನು ನಮ್ಮ ಶಾಲೆಗಳಲ್ಲಿ ಇಂದಿಗೂ ಹೇಳುತ್ತಾರೆ, ನನ್ನ ಸಹೋದ್ಯೋಗಿಗಳೂ ಹೇಳುತ್ತಾರೆ. ಕೇಳಿದ ಮಕ್ಕಳಿಗೆ ಹುರುಪು ಬರಲಿ ಎಂಬ ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಕತೆಯಲ್ಲಿ ಬೀದಿದೀಪವೂ ಒಂದು ಸಾರ್ವಜನಿಕ ಸೇವೆಯೇ ಆಗಿತ್ತು, ಅದನ್ನು ಯಾರೋ ನೆಟ್ಟಿದ್ದರು, ಯಾರೋ ಅದಕ್ಕೆ ಎಣ್ಣೆಯನ್ನೋ ವಿದ್ಯುತ್ತನ್ನೋ ಕೊಟ್ಟಿದ್ದರು ಎಂಬುದು ಮರೆತುಹೋಗುತ್ತದೆ. ಡಾ. ಬಿ. ಆರ್. ಅಂಬೇಡ್ಕರ್ ಅವರ ಬಾಲ್ಯದ ಸಂಗತಿ ನನಗೆ ಇದಕ್ಕಿಂತ ಹೆಚ್ಚು ತಿಳಿವಳಿಕೆ ಕೊಟ್ಟಿದೆ. ಮುಂಬೈನ ಪರೇಲಿನ ಚಾಳಿನಲ್ಲಿ ಕುಟುಂಬವೆಲ್ಲ ಒಂದೇ ಕೋಣೆಯಲ್ಲಿ ಇರಬೇಕಾಗಿದ್ದರಿಂದ ಹುಡುಗ ಭೀಮರಾವ್ ಸಂಜೆಯೇ ಮಲಗಿ, ತಂದೆ ನಡುರಾತ್ರಿಯ ಎರಡು ಗಂಟೆಗೆ ಎಬ್ಬಿಸಿದ ಮೇಲೆ ಎದ್ದು ಓದುತ್ತಿದ್ದರು. ಶಾಲೆ ಬಿಟ್ಟ ಬಳಿಕ ಚರ್ನಿ ರಸ್ತೆಯ ಉದ್ಯಾನದಲ್ಲಿ ಕೂತು ಓದುತ್ತಿದ್ದರು. ಶಿಕ್ಷಕರಾಗಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಆ ಹುಡುಗನನ್ನು ಕಂಡು ಮಾತಾಡಿಸಿದ್ದು ಆ ಉದ್ಯಾನದಲ್ಲಿಯೇ. ಮುಂದೆ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವು ದೊರೆಯಲು ಕಾರಣರಾದವರೂ ಅವರೇ. ಹಣ ಕೇಳದೆ, ಜಾತಿ ಕೇಳದೆ ಕೂರಲು ಬಿಟ್ಟ ಒಂದು ಉದ್ಯಾನವಿಲ್ಲದಿದ್ದರೆ ಆ ಭೇಟಿ ಅಲ್ಲಿ ನಡೆಯುತ್ತಿರಲಿಲ್ಲ. ಮನೆಯಲ್ಲಿ ಜಾಗವಿಲ್ಲದವರಿಗೆ ಊರು ಜಾಗ ಕೊಡಬೇಕು ಎಂಬ ಮಾತನ್ನು ನಾನು ಅಲ್ಲಿಂದ ಕಲಿತೆ.

ನಮ್ಮೂರಿನ ಅರಿವು ಕೇಂದ್ರ ಆ ಜಾಗವನ್ನು ಕೊಟ್ಟಿದೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿಯೂ ಪಂಚಾಯಿತಿಗೊಂದು ಗ್ರಂಥಾಲಯ ಇತ್ತು. ದಿನಕ್ಕೆ ಕೆಲವೇ ತಾಸು ತೆರೆಯುತ್ತಿತ್ತು, ಪತ್ರಿಕೆ ಓದುವ ಗಂಡಸರ ಹೊರತು ಒಳಗೆ ಯಾರನ್ನೂ ನಾನು ಕಂಡಿರಲಿಲ್ಲ, ಹುಡುಗಿಯರು ಒಳಗೆ ಹೋಗಬಹುದೆಂದೇ ನನಗೆ ಗೊತ್ತಿರಲಿಲ್ಲ. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಮರುವರ್ಷ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತರುವ ಕೆಲಸ ಆರಂಭವಾಯಿತು. ಮೊಬೈಲ್ ಇದ್ದ ಮನೆಯ ಮಕ್ಕಳು ಆನ್‌ಲೈನ್ ಪಾಠ ಕೇಳುತ್ತಿದ್ದ ಆ ದಿನಗಳಲ್ಲಿ, ಇಲ್ಲದ ಮನೆಯ ಮಕ್ಕಳಿಗೆ ಅಕ್ಷರದ ನಂಟು ತಪ್ಪದಂತೆ ಉಳಿದಿದ್ದು ಹಲವು ಊರುಗಳಲ್ಲಿ ಇಂಥ ಕೋಣೆಗಳಿಂದಲೇ. ಸರ್ಕಾರದ ಯೋಜನೆಗಳನ್ನು ಹೊಗಳುವ ಅಭ್ಯಾಸ ನನಗಿಲ್ಲ, ಆದರೂ ಇದು ನಿಜಕ್ಕೂ ಒಳ್ಳೆಯ ಕೆಲಸ, ಮತ್ತು ಅದನ್ನು ಮನಸ್ಸಿಟ್ಟು ಮಾಡಿದ ಅಧಿಕಾರಿಗಳಿಗೂ ಮೇಲ್ವಿಚಾರಕರಿಗೂ ಋಣಿಯಾಗಿದ್ದೇನೆ.

ನಮ್ಮೂರಿನ ಮೇಲ್ವಿಚಾರಕರನ್ನು ಮಕ್ಕಳು ‘ಲೈಬ್ರರಿ ಸರ್’ ಎನ್ನುತ್ತಾರೆ. ನಾನು ಕುಳಿತಿದ್ದ ಮೊದಲ ವಾರದಲ್ಲಿಯೇ ಒಂದು ಸಂಜೆ ಊರಂಚಿನ ಕೇರಿಯ ನಾಲ್ಕು ಹುಡುಗಿಯರು ಬಂದು ಹೊಸ್ತಿಲ ಹೊರಗೇ ನಿಂತರು. ಅವರಲ್ಲಿ ಸ್ವಲ್ಪ ದೊಡ್ಡವಳು “ನಾವೂ ಒಳಗ ಬರಬಹುದೇನ್ರಿ ಸರ್?” ಎಂದು ಕೇಳಿದಳು. ಅವರು ಪುಸ್ತಕದ ಪಟ್ಟಿಯಿಂದ ತಲೆ ಎತ್ತಿ “ಬರ್ರಿ ಅವ್ವಾ, ಕೇಳೂದೇನೈತಿ, ಇದು ನಿಮ್ಮದ ಐತಿ” ಎಂದರು, ಮತ್ತು ಅಷ್ಟಕ್ಕೇ ನಿಲ್ಲದೆ ಎದ್ದು ಹೋಗಿ ಅವರಿಗೆ ಕುರ್ಚಿ ಸರಿಸಿ ಕೊಟ್ಟರು. ಮಹಡಿ ಮನೆಯ ಮಕ್ಕಳು ಹಾಗೆ ಕೇಳಿಕೊಂಡು ಒಳಗೆ ಬರುವುದನ್ನು ಆ ಮೂರು ವಾರಗಳಲ್ಲಿ ನಾನು ಒಮ್ಮೆಯೂ ಕಾಣಲಿಲ್ಲ; ನೇರ ಬಂದು ಕಪಾಟಿಗೆ ಕೈಹಾಕುತ್ತಿದ್ದರು. ಹೊಸ್ತಿಲಲ್ಲಿ ಆಗುವ ಈ ಅರೆಗಳಿಗೆಯ ಹಿಂಜರಿಕೆ ಯಾವ ಅಂಕಿಅಂಶದಲ್ಲೂ ಬರುವುದಿಲ್ಲ. ಮುಂದೆ ಕಾಲೇಜಿನ ಕಚೇರಿಯಲ್ಲಿ ಅರ್ಜಿ ಕೇಳುವಾಗ, ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಸಂದರ್ಶನದ ಕೋಣೆಯ ಬಾಗಿಲು ತಳ್ಳುವಾಗ ಅದೇ ಹಿಂಜರಿಕೆ ಮತ್ತೆ ಎದ್ದು ನಿಲ್ಲುತ್ತದೆ ಎಂಬುದನ್ನು ನಾನು ನನ್ನ ಮೈಮೇಲೆಯೇ ಅನುಭವಿಸಿದ್ದೇನೆ. ನಮ್ಮಲ್ಲಿ ವರ್ಗದ ಜೊತೆಗೆ ಜಾತಿಯೂ ಹೆಣೆದುಕೊಂಡಿರುವುದರಿಂದ ಕೇರಿಯ ಮಗುವಿಗೆ ಆ ಹೊಸ್ತಿಲು ಇನ್ನೂ ಎತ್ತರ. ಒಂದು ಕುರ್ಚಿಯನ್ನು ಸರಿಸಿಕೊಟ್ಟ ಆ ಮನುಷ್ಯರಿಗೆ ನಾನು ಈ ಸೇವೆಯ ಅತಿ ಹೆಚ್ಚಿನ ಅಂಕ ಕೊಡುತ್ತೇನೆ.

ಪುಸ್ತಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಕ್ಕಳ ಚಿತ್ರಪುಸ್ತಕಗಳು ಚೆನ್ನಾಗಿವೆ ಮತ್ತು ಓದಿ ಓದಿ ಹರಿದಿವೆ, ಅದು ಒಳ್ಳೆಯ ಲಕ್ಷಣ. ಕಾದಂಬರಿಗಳು ಸಾಕಷ್ಟಿವೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಬಹುಪಾಲು ಹಳೆಯವು. ನಾಲ್ಕೈದು ವರ್ಷದ ಹಿಂದಿನ ಪ್ರಚಲಿತ ವಿದ್ಯಮಾನಗಳ ಪುಸ್ತಕದಿಂದ ಯಾರಿಗೂ ಉಪಯೋಗವಿಲ್ಲ. ಆರರಿಂದ ಹತ್ತನೆಯ ತರಗತಿಯವರೆಗಿನ ಸಮಾಜ ವಿಜ್ಞಾನ ಮತ್ತು ವಿಜ್ಞಾನದ ಪಠ್ಯಪುಸ್ತಕಗಳ ಎರಡೆರಡು ಕಟ್ಟು ತರಿಸಿಟ್ಟರೆ ಅದಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ, ಏಕೆಂದರೆ ಪರೀಕ್ಷೆಗೆ ಓದುವವರು ಮೊದಲು ಹುಡುಕುವುದು ಅವುಗಳನ್ನೇ.

ಇನ್ನು ಈ ಸೇವೆಯ ಮುಖ್ಯ ಕೊರತೆಗೆ ಬರುತ್ತೇನೆ. ನಮ್ಮೂರಿನ ಕೇಂದ್ರ ಬೆಳಿಗ್ಗೆ 9ಕ್ಕೆ ತೆರೆದು, ನಡುವೆ ಊಟದ ಬಿಡುವು ಬಿಟ್ಟು, ಸಂಜೆ 5.30ಕ್ಕೆ ಮುಚ್ಚುತ್ತದೆ. ಹಿಂದಿನ ಕಾಲಕ್ಕೆ ಹೋಲಿಸಿದರೆ ಇದು ಬಹಳ ಹೆಚ್ಚು. ಆದರೆ ಆ ಅವಧಿಯಲ್ಲಿ ಯಾರು ಬರಬಲ್ಲರು ಎಂದು ಗಮನಿಸುತ್ತ ಕುಳಿತಾಗ ನನಗೆ ಕಂಡದ್ದು ಬೇರೆಯೇ ಚಿತ್ರ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಿವೃತ್ತರು, ಅಂಗಡಿಯನ್ನು ಮಗನಿಗೆ ಬಿಟ್ಟು ಬಂದವರು, ಹೊಲವನ್ನು ಕೋರಿಗೆ ಕೊಟ್ಟ ದೊಡ್ಡ ರೈತರು ಪತ್ರಿಕೆ ಓದುತ್ತಾರೆ. ಮಧ್ಯಾಹ್ನ ಪದವಿ ಮುಗಿಸಿ ಮನೆಯಲ್ಲಿರುವ, ದುಡಿಯಲೇಬೇಕಾದ ಒತ್ತಡವಿಲ್ಲದ ಕೆಲವು ಹುಡುಗರು ಬಂದು ಓದುತ್ತಾರೆ. ಶಾಲೆಯ ದಿನಗಳಲ್ಲಾದರೆ ಮಕ್ಕಳು ಶಾಲೆ ಬಿಟ್ಟು, ಮನೆಗೆ ಹೋಗಿ, ನೀರು ತುಂಬಿ, ಕುರಿಗೆ ಮೇವು ಹಾಕಿ ಹೊರಡುವಷ್ಟರಲ್ಲಿ ಐದು ಗಂಟೆ ಆಗಿರುತ್ತದೆ. ಹೊಲದ ಕೂಲಿಗೋ ಗಾರೆ ಕೆಲಸಕ್ಕೋ ಹೋದ ಹುಡುಗ ಕೈಕಾಲು ತೊಳೆದುಕೊಂಡು ಬರುವ ಹೊತ್ತಿಗೆ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಮನೆಯಲ್ಲಿ ಕೋಣೆ ಇಲ್ಲದವರಿಗೆ ಕೋಣೆ ಬೇಕಾಗುವುದು ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ. ಒಲೆ ಉರಿಯುವ, ಟಿ.ವಿ. ಹಾಡುವ, ಮಕ್ಕಳು ಅಳುವ, ಎಲ್ಲರೂ ಒಂದೇ ಸೂರಿನ ಕೆಳಗೆ ಸೇರುವ ಹೊತ್ತದು. ಆ ಮೂರು ತಾಸಿನಲ್ಲಿಯೇ ಎರಡು ಟ್ಯೂಬ್‌ಲೈಟು, ಒಂದು ಫ್ಯಾನು, ಇಪ್ಪತ್ತು ಕುರ್ಚಿಗಳು ಬೀಗದ ಹಿಂದೆ ಖಾಲಿ ಇರುತ್ತವೆ.

ಗ್ರಂಥಾಲಯ ವಿಜ್ಞಾನದ ಹಿರಿಯರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಮಂಡಿಸಿದರು. ‘ಪುಸ್ತಕಗಳು ಇರುವುದು ಬಳಕೆಗಾಗಿ’ ಎಂಬುದು ಅವುಗಳಲ್ಲಿ ಮೊದಲನೆಯದು. ಆ ಸೂತ್ರವನ್ನು ವಿವರಿಸುವಾಗ ಅವರು ಎತ್ತಿಕೊಂಡ ವಿಷಯಗಳೆಂದರೆ ಗ್ರಂಥಾಲಯ ಎಲ್ಲಿರಬೇಕು, ಯಾವ ಹೊತ್ತಿನಲ್ಲಿ ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು, ಸಿಬ್ಬಂದಿ ಎಂಥವರಿರಬೇಕು ಎಂಬವು. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಗಳಿಗೆ ಒಯ್ಯುವ ಪ್ರಯೋಗವೂ ನಡೆಯಿತು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ದುಡಿಯುವವನ ಬಳಿಗೆ ಪುಸ್ತಕವೇ ಹೋಗಬೇಕು ಎಂದು ಅಷ್ಟು ಹಿಂದೆಯೇ ಗಾಡಿ ಕಟ್ಟಿದ ಪರಂಪರೆ ನಮ್ಮದಾಗಿರುವಾಗ, ಇರುವ ಕೋಣೆಯ ಬೀಗವನ್ನು ದುಡಿಯುವವನ ಬಿಡುವಿಗೆ ಹೊಂದಿಸಿ ತೆರೆಯುವುದು ಕಷ್ಟದ ಕೆಲಸವಾಗಬಾರದು.

ಸಂಜೆಯ ಕುರ್ಚಿಯ ಬೆಲೆ ಎಷ್ಟು ಎಂಬುದು ನನಗೆ ಧಾರವಾಡದಲ್ಲಿ ತಿಳಿಯಿತು. ಅಲ್ಲಿನ ಸಪ್ತಾಪುರದ ಸುತ್ತಮುತ್ತ ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದ ಸಾವಿರಾರು ಯುವಕ ಯುವತಿಯರು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಾರೆ. ಕೋಚಿಂಗ್ ಕೇಂದ್ರಗಳ ನಡುನಡುವೆ ‘ರೀಡಿಂಗ್ ರೂಮ್’ಗಳಿವೆ. ಅಲ್ಲಿ ಪಾಠ ಹೇಳುವವರಿಲ್ಲ, ಪುಸ್ತಕವೂ ಇಲ್ಲ; ಮರದ ಹಲಗೆಯಿಂದ ಬೇರ್ಪಡಿಸಿದ ಒಂದು ಮೇಜು, ಒಂದು ದೀಪ, ಒಂದು ಪ್ಲಗ್ಗು ಅಷ್ಟೇ. ನಾನಿದ್ದ ಒಂದು ವರ್ಷ ಅಂಥ ಒಂದು ಕುರ್ಚಿಗೆ ತಿಂಗಳಿಗೆ 800 ರೂಪಾಯಿ ಕೊಟ್ಟೆ. ಹಣ ಎರಡು ದಿನ ತಡವಾದಾಗ ನನ್ನ ಪುಸ್ತಕಗಳನ್ನು ಎತ್ತಿ ಮೆಟ್ಟಿಲ ಮೇಲೆ ಇಟ್ಟಿದ್ದರು. ಅವರು ವ್ಯಾಪಾರ ಮಾಡುತ್ತಿದ್ದರು, ನಿಯಮವನ್ನು ಮೊದಲೇ ಹೇಳಿದ್ದರು, ಆದರೂ ಆ ಮೆಟ್ಟಿಲಿನ ಮೇಲೆ ಕುಳಿತು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡ ಸಂಜೆ ನನಗೆ ಮರೆತಿಲ್ಲ. 2024-25ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 349 ರೂಪಾಯಿ. ನಾನು ಅಂದು ಕೊಟ್ಟ 800 ರೂಪಾಯಿಯನ್ನು ಈ ಕೂಲಿಯಿಂದ ಲೆಕ್ಕ ಹಾಕಿದರೂ, ಕೂರುವ ಜಾಗವೊಂದಕ್ಕೇ ಮನೆಯ ಒಬ್ಬರು ತಿಂಗಳಿಗೆ ಎರಡು ದಿನಕ್ಕಿಂತ ಹೆಚ್ಚು ಮಣ್ಣು ಹೊರಬೇಕು. ಅದರ ಮೇಲೆ ಪಿ.ಜಿ. ಬಾಡಿಗೆ, ಊಟ, ಅರ್ಜಿ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಖರ್ಚು.

ಹಣಕ್ಕಿಂತಲೂ ದುಬಾರಿಯಾದದ್ದು ಕಾಯುವ ಸಾಮರ್ಥ್ಯ. ನನ್ನ ತಮ್ಮ 2021ರ ಅಕ್ಟೋಬರ್ 3ರಂದು ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದಿದ್ದ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವಿನ ಆ ಕಾಲದಲ್ಲಿ ಅವನ ಜೊತೆಗೆ ಓದುತ್ತಿದ್ದವರಲ್ಲಿ ಕೆಲವರು ಧಾರವಾಡದ ಕೋಣೆಯನ್ನು ಬಿಡದೆ ಓದು ಮುಂದುವರಿಸಿದರು, ಏಕೆಂದರೆ ಅವರ ಮನೆಯಿಂದ ತಿಂಗಳು ತಿಂಗಳು ಹಣ ಬರುತ್ತಿತ್ತು. ಅಪ್ಪನ ಸೊಂಟ ನೋವು ಹೆಚ್ಚಾದ್ದರಿಂದ ತಮ್ಮ ಗೋವಾಕ್ಕೆ ಟೈಲ್ಸ್ ಕೆಲಸಕ್ಕೆ ಹೋದ. ಮರುಪರೀಕ್ಷೆಯ ಹಿಂದಿನ ದಿನ ಬಸ್ಸಿನಲ್ಲಿ ಬಂದು, ಹೆಚ್ಚುಕಡಿಮೆ ಇಪ್ಪತ್ತು ತಿಂಗಳು ಪುಸ್ತಕ ಮುಟ್ಟದ ಕೈಯಿಂದ ಬರೆದು, ಮರುದಿನವೇ ಕೆಲಸಕ್ಕೆ ಹಿಂತಿರುಗಿದ. ಆಯ್ಕೆಯಾಗಲಿಲ್ಲ. ಪ್ರಶ್ನೆಪತ್ರಿಕೆ ಅವನಿಗೂ ಕೋಣೆ ಬಿಡದೆ ಓದಿದವರಿಗೂ ಒಂದೇ ಆಗಿತ್ತು, ಮೌಲ್ಯಮಾಪನವೂ ಒಂದೇ. 2024ರ ಆಗಸ್ಟ್ 27ರಂದು ನಡೆದ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದವೇ ತಪ್ಪಾಗಿದ್ದುದರಿಂದ ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ನಡೆಸಬೇಕಾಯಿತು. ಆ ತಪ್ಪಿನ ಭಾರವೂ ಬಿದ್ದದ್ದು ಇಂಗ್ಲಿಷ್ ಪ್ರಶ್ನೆಯನ್ನು ನೋಡಿ ಅರ್ಥ ಸರಿಪಡಿಸಿಕೊಳ್ಳಲಾರದ, ಹಳ್ಳಿಯ ಕನ್ನಡ ಶಾಲೆಗಳಲ್ಲಿ ಓದಿದವರ ಮೇಲೆಯೇ. ಕನ್ನಡ ಮಾಧ್ಯಮದವರಿಗೆ ಶೇಕಡ 5, ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 25 ಮೀಸಲಾತಿ ರಾಜ್ಯದ ನೇಮಕಾತಿಯಲ್ಲಿದೆ, ಅದು ಇರಲೇಬೇಕು. ಆದರೆ ಮೀಸಲಾತಿಯ ನೆರವು ಸಿಗುವುದು ಪರೀಕ್ಷೆಯ ದಿನದವರೆಗೆ ಓದನ್ನು ಬಿಡದೆ ಉಳಿದವರಿಗೆ. ಅಲ್ಲಿಯವರೆಗೆ ಉಳಿಸುವ ಕೆಲಸವನ್ನು ಊರಿನಲ್ಲಿಯೇ, ಮನೆಯ ಊಟ ಉಂಡು, ದುಡಿಮೆಯನ್ನೂ ಬಿಡದೆ ಓದಲು ಅನುವಾಗುವ ಒಂದು ಕೋಣೆ ಮಾಡಬಲ್ಲುದು. ಇದೇ ಕಾರಣಕ್ಕೆ ಸಂಜೆಯ ಮೂರು ತಾಸಿನ ಬಗ್ಗೆ ನಾನು ಇಷ್ಟು ಹಟ ಹಿಡಿದು ಬರೆಯುತ್ತಿದ್ದೇನೆ.

ಹುಡುಗಿಯರ ವಿಷಯ ಬೇರೆಯಾಗಿ ಹೇಳಬೇಕಾಗಿದೆ. ನನ್ನ ಅಕ್ಕನ ಮಗಳು ಬಿ.ಎ. ಮುಗಿಸಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದಾಳೆ. ರಾತ್ರಿ ಒಂಬತ್ತರವರೆಗೆ ಲೈಬ್ರರಿ ತೆರೆದರೂ ಅವಳನ್ನು ಕಳಿಸುತ್ತೀಯಾ ಎಂದು ಅಕ್ಕನನ್ನು ಕೇಳಿದೆ. “ದೀಪಾ ಹಚ್ಚೂ ಹೊತ್ತಿಗೆ ಹೆಣ್ಣುಮಕ್ಕಳು ಮನ್ಯಾಗ ಇರಬೇಕವ್ವಾ, ಮಂದಿ ಏನಂತಾರ” ಎಂದಳು. ಅಕ್ಕನ ಮಾತನ್ನು ನಾನು ಒಪ್ಪಲಿಲ್ಲ, ಆದರೆ ಅವಳ ಭಯ ಸುಳ್ಳಲ್ಲ. ಪಂಚಾಯಿತಿಯಿಂದ ಕೇರಿಯವರೆಗಿನ ದಾರಿಯಲ್ಲಿ ದೀಪಗಳಿಲ್ಲ. ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆಂದು ಶೌಚಾಲಯವಿಲ್ಲ, ಇರುವುದು ಪಂಚಾಯಿತಿ ಕಚೇರಿಯದು, ಅದಕ್ಕೆ ಕಚೇರಿ ಮುಚ್ಚಿದೊಡನೆ ಬೀಗ. ನಾನು ಅಲ್ಲಿ ಕುಳಿತಿದ್ದ ದಿನಗಳಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಹೀಗಾಗಿ ಅಕ್ಕನ ಮಗಳು ಬೆಳಿಗ್ಗೆ ಎಂಟರ ಬಸ್ಸಿಗೆ ತಾಲ್ಲೂಕಿನ ಗ್ರಂಥಾಲಯಕ್ಕೆ ಹೋಗಿ ಸಂಜೆ ಬರುತ್ತಾಳೆ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಅದಿಲ್ಲದಿದ್ದರೆ ದಿನದಿನವೂ ಹೋಗಿಬರುವ ಮಾತೇ ಮನೆಯಲ್ಲಿ ಹುಟ್ಟುತ್ತಿರಲಿಲ್ಲ. ಆ ಯೋಜನೆಯನ್ನು ಪುಕ್ಕಟೆ ತಿರುಗಾಟ ಎಂದು ಹೀಗಳೆಯುವವರು ನಮ್ಮೂರಿನ ಎಂಟರ ಬಸ್ಸನ್ನು ಒಮ್ಮೆ ಹತ್ತಿ ನೋಡಬೇಕು. ಕೆಲಸಕ್ಕೆ ಹೋಗುವ ಹೆಂಗಸರ ಬುತ್ತಿಚೀಲಗಳ ನಡುವೆ ಪುಸ್ತಕ ಹಿಡಿದ ಹುಡುಗಿಯರೂ ನಿಂತಿರುತ್ತಾರೆ. ಆದರೂ ದಿನಕ್ಕೆ ಎರಡು ತಾಸು ಬಸ್ಸಿಗೇ ಹೋಗುತ್ತದೆ, ಮತ್ತು ಆ ಎರಡು ತಾಸು ತಾಲ್ಲೂಕಿನಲ್ಲೇ ಮನೆ ಇರುವ ಹುಡುಗಿಯ ಓದಿನ ಲೆಕ್ಕಕ್ಕೆ ಸೇರುತ್ತದೆ.

ಎರಡು ಕಂಪ್ಯೂಟರುಗಳಲ್ಲಿ ಒಂದು ನಡೆಯುತ್ತದೆ. ಅರ್ಜಿ ಹಾಕಲು ಅದರಿಂದ ಉಪಯೋಗವಾಗುತ್ತಿದೆ, ಇಂಟರ್‌ನೆಟ್ ಇದ್ದ ದಿನ.

ಇನ್ನೊಂದು ಕೊರತೆಯನ್ನು ನಾನು ಪಟ್ಟಿಯ ಪುಸ್ತಕ ತಿರುವಿ ಹಾಕುವಾಗ ಕಂಡೆ. ಸದಸ್ಯರಾದ ಮಕ್ಕಳಲ್ಲಿ ಕೆಲವರ ಹೆಸರಿನ ಮುಂದೆ ಪುಸ್ತಕ ಪಡೆದ ಗುರುತು ಕೆಲವು ತಿಂಗಳು ಇದ್ದು, ಸುಗ್ಗಿ ಮುಗಿದ ಮೇಲೆ ನಿಂತುಹೋಗಿ, ಮತ್ತೆ ಮುಂಗಾರಿಗೆ ಶುರುವಾಗುತ್ತದೆ. ಅವು ಗುಳೆ ಹೋಗುವ ಮನೆಗಳ ಹೆಸರುಗಳು. ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ತಂದೆತಾಯಿ ಹೊರಟಾಗ ಮಕ್ಕಳೂ ಹೊರಡುತ್ತಾರೆ. ಮೇಲೇಳುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಆ ಮಗುವಿಗೆ ಶಾಲೆಯೂ ಇಲ್ಲ, ಗ್ರಂಥಾಲಯವೂ ಇಲ್ಲ, ಬಹಳ ಸಲ ಕನ್ನಡ ಅಕ್ಷರವೂ ಕಣ್ಣಿಗೆ ಬೀಳುವುದಿಲ್ಲ. ಇವರಿಗಾಗಿ ಏನಾದರೂ ಮಾಡಲಾಗದೇ ಎಂದು ಲೈಬ್ರರಿ ಸರ್ ಅವರನ್ನು ಕೇಳಿದಾಗ, ಹೋಗುವಾಗ ಐದಾರು ಪುಸ್ತಕಗಳನ್ನು ಲೆಕ್ಕಕ್ಕೆ ಬರೆದುಕೊಳ್ಳದೆ ಕೈಗೆ ಕೊಟ್ಟು ಕಳಿಸುತ್ತೇನೆ, ಕೆಲವು ತಿರುಗಿ ಬರುತ್ತವೆ, ಕೆಲವು ಬರುವುದಿಲ್ಲ, ಬಾರದ ಪುಸ್ತಕಗಳನ್ನು ಹರಿದವುಗಳ ಲೆಕ್ಕಕ್ಕೆ ಸೇರಿಸುತ್ತೇನೆ ಎಂದು ಮೆಲುದನಿಯಲ್ಲಿ ಹೇಳಿದರು. ನಿಯಮದ ಪ್ರಕಾರ ಅದು ಸರಿಯೋ ತಪ್ಪೋ ನಾನು ಕೇಳಲಿಲ್ಲ. ಒಂದು ಊರಿನ ಸದಸ್ಯತ್ವದ ಚೀಟಿ ರಾಜ್ಯದ ಎಲ್ಲ ಅರಿವು ಕೇಂದ್ರಗಳಲ್ಲಿ, ನಗರದ ಶಾಖಾ ಗ್ರಂಥಾಲಯಗಳಲ್ಲಿ ನಡೆಯುವಂತಾದರೆ ಅವರು ಹೀಗೆ ಮೆಲುದನಿಯಲ್ಲಿ ಮಾತಾಡಬೇಕಾದ ಪ್ರಸಂಗ ಬಾರದು.

ಸಂಜೆ ತೆರೆಯಿರಿ ಎಂದು ಕೇಳುವಾಗ ಆ ಮನುಷ್ಯರ ದುಡಿಮೆಯನ್ನೂ ನೆನೆಯಬೇಕು. ಮೇಲ್ವಿಚಾರಕರು ಬಹಳ ವರ್ಷ ಅಲ್ಪ ಗೌರವಧನಕ್ಕೆ ದುಡಿದವರು, ಕನಿಷ್ಠ ವೇತನಕ್ಕಾಗಿ ಹೋರಾಡಿದವರು. ಅವರೂ ಕೂಲಿ ಮನೆಯಿಂದ ಬಂದವರೇ. ಅವರನ್ನೇ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಕೂರಿಸುವುದು ಅನ್ಯಾಯ. ಪತ್ರಿಕೆ ಓದುವ ಹಿರಿಯರಿಗೆ ಪಡಸಾಲೆಯ ಬೆಂಚು ಸಾಕು, ಅದಕ್ಕೆ ಬೀಗವಿಲ್ಲ. ಶಾಲೆಯ ದಿನಗಳಲ್ಲಿ ಒಳಕೋಣೆಯನ್ನು ಮಧ್ಯಾಹ್ನ ಒಂದರಿಂದ ರಾತ್ರಿ ಒಂಬತ್ತರವರೆಗೆ ತೆರೆಯಬಹುದು. ಸಂಜೆಯ ಹೊತ್ತು ನೋಡಿಕೊಳ್ಳಲು ಸ್ವಸಹಾಯ ಸಂಘದ ಒಬ್ಬ ಹೆಣ್ಣುಮಗಳನ್ನು ಸಂಬಳ ಕೊಟ್ಟು ನೇಮಿಸಿದರೆ ಅಕ್ಕನಂಥವರ ಭಯವೂ ಅರ್ಧ ಕಡಿಮೆಯಾಗುತ್ತದೆ. ಶೌಚಾಲಯದ ಒಂದು ಬೀಗದ ಕೈ ಗ್ರಂಥಾಲಯದಲ್ಲಿರಬೇಕು. ದಾರಿಗೆ ಐದು ದೀಪಗಳು ಬೇಕು.

ನಮ್ಮ ಕಡೆಯವರು ಯಾರಾದರೂ ಈ ಕೇಂದ್ರವನ್ನು ಬಳಸಬೇಕೇ ಎಂದು ಕೇಳಿದರೆ, ಇಂದೇ ಹೋಗಿ ಎನ್ನುತ್ತೇನೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ ಹೆಸರು ಬರೆಸಿ, ಬರಲು ಸಂಕೋಚಪಡುವ ಪಕ್ಕದ ಮನೆಯ ಮಗುವನ್ನೂ ಜೊತೆಗೆ ಕರೆದುಕೊಳ್ಳಿ. ಪರೀಕ್ಷೆಗೆ ಓದುವವರು ಸ್ವಂತ ಪುಸ್ತಕ ಒಯ್ದರೆ ಜಾಗ ಮತ್ತು ಬೆಳಕಿಗೆ ಕೊರತೆ ಇಲ್ಲ, ಐದೂವರೆಯವರೆಗೆ.

ರಜೆ ಮುಗಿಸಿ ಹೊರಡುವ ಮೊದಲು ಸಮಯ ಬದಲಿಸಬೇಕೆಂಬ ಅರ್ಜಿಯೊಂದನ್ನು ಬರೆದು ಗ್ರಾಮಸಭೆಗೆ ಕೊಟ್ಟೆವು. ಸಹಿ ಮಾಡಿದವರಲ್ಲಿ ಓದಲು ಬರುವ ಹುಡುಗರಿದ್ದರು, ಪತ್ರಿಕೆ ಓದುವ ಹಿರಿಯರಲ್ಲೂ ಇಬ್ಬರಿದ್ದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಅಕ್ಕ ಅರ್ಜಿಯನ್ನು ಮಗಳ ಕೈಯಲ್ಲಿ ಎರಡು ಸಲ ಓದಿಸಿ ಕೇಳಿ, ದಾರಿಯ ದೀಪ ಮತ್ತು ಶೌಚಾಲಯದ ಮಾತು ಅದರಲ್ಲಿದೆ ಎಂದು ಖಚಿತ ಮಾಡಿಕೊಂಡ ಮೇಲೆ ತಾನೂ ಸಹಿ ಹಾಕಿದಳು. ಠರಾವಿನ ಪುಸ್ತಕದಲ್ಲಿ ವಿಷಯ ದಾಖಲಾಗಿದೆ, ಮುಂದಿನ ಸಭೆಗೆ ಇಟ್ಟಿದ್ದಾರೆ.